ಬಾಗಿಲು ಕುಡಿದ ಹಾಲು

ದಿನಕ್ಕೆ ನಲವತ್ತು ಲಾರಿಗಳನ್ನು ನಿಮಿಷ ತಪ್ಪದೆ ಹೊರಡಿಸುವ ಮಹಾಶಯನಿಗೆ ಒಬ್ಬ ಬಾಣಂತಿ, ಎರಡು ಮಕ್ಕಳು ಯಾವ ಲೆಕ್ಕ? ಪಾರ್ಸೆಲ್ ಗೋದಾಮಿನಲ್ಲಿ ಅವನನ್ನು ಎಲ್ಲರೂ ‘ಗಡಿಯಾರ’ ಎಂದೇ ಕರೆಯುತ್ತಿದ್ದರು. ಅದು ಹೊಗಳಿಕೆಯೋ ಬೈಗುಳವೋ ಎಂದು ಅವನು ವಿಚಾರಿಸಲು ಹೋಗಿರಲಿಲ್ಲ. ಹೊಗಳಿಕೆ ಎಂದೇ ಇಟ್ಟುಕೊಂಡಿದ್ದ. ವಾರದ ರಜೆ ಬರೆದುಕೊಟ್ಟು ಮನೆಗೆ ಬಂದವನು ಬೂಟು ಬಿಚ್ಚುವ ಮೊದಲೇ ಘೋಷಿಸಿದ:

“ಇನ್ಮೇಲೆ ನೀನು ಹಾಲು ಕೊಡೋದು, ಮಲಗೋದು. ಅಷ್ಟೇ! ಮಿಕ್ಕಿದ್ದೆಲ್ಲ ನನಗೆ ಬಿಡು!”

“ಮಿಕ್ಕಿದ್ದು ಅಂದ್ರೆ ಏನೇನು ಅಂತ ಗೊತ್ತೇನ್ರೀ?” ಎಂದಳು ಹೆಂಡತಿ, ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ.

“ಪಟ್ಟಿ ಮಾಡ್ಕೋತೀನಿ!”

ಗ್ರಹಚಾರ ವಕ್ಕರಿಸಿದ್ದು ಆ ಪಟ್ಟಿಯ ರೂಪದಲ್ಲೇ.

ಕೂಸಿಗೆ ಆಗ ಒಂಬತ್ತು ದಿನ. ಹುಟ್ಟಿದ ಮೇಲೆ ಇಳಿದ ತೂಕ ಮತ್ತೆ ಏರಿರಲಿಲ್ಲ. ಮನೆಗೇ ಬಂದು ತೂಗುವ ನರ್ಸಮ್ಮ ಅಂದು ಬೆಳಗ್ಗೆ ಕಡ್ಡಿ ಮುರಿದಂತೆ ಹೇಳಿಹೋಗಿದ್ದಳು: “ಇದು ಹಸಿದ್ರೆ ಅಳೋ ಮಗು ಅಲ್ಲ, ಹಸಿದ್ರೆ ನಿದ್ದೆ ಹೋಗೋ ಮಗು. ಮೂರು ಗಂಟೆಗೊಂದ್ಸಲ ಎಬ್ಬಿಸಿ ಕುಡಿಸ್ಬೇಕು. ನಾಳೆ ಸಂಜೆ ಬರ್ತೀನಿ. ಸರಿ ಕಾಣ್ಲಿಲ್ಲ ಅಂದ್ರೆ ಆಸ್ಪತ್ರೆಗೆ ಸೇರಿಸೋದೇ.” ವಾರ್ಡಿಗೆ ತಾಯಿ ಹೋಗಬಹುದು, ಎರಡೂವರೆ ವರ್ಷದ ದೊಡ್ಡವನಿಗೆ ಪ್ರವೇಶವಿಲ್ಲ. ಹೆರಿಗೆಯ ಮೂರು ದಿನ ಅಮ್ಮನಿಲ್ಲದೆ ಅತ್ತು ಕಟ್ಟಿಕೊಂಡ ಅವನ ಗಂಟಲು ಇನ್ನೂ ಸರಿಯಾಗಿರಲಿಲ್ಲ. ಸಾಲದ್ದಕ್ಕೆ ಹೆಂಡತಿಯ ಎಡ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಮೈ ಕಾದ ಹಂಚು.

ಇನ್ನು ದೊಡ್ಡವನೋ, ಹೇಳದೆ ಕೇಳದೆ ‘ಅಣ್ಣ’ನ ಹುದ್ದೆಗೆ ಬಡ್ತಿ ಪಡೆದ ನತದೃಷ್ಟ. ಬಡ್ತಿಯ ಜೊತೆ ಸವಲತ್ತು ಒಂದೂ ಬರಲಿಲ್ಲ. ಇದ್ದ ಒಂದು ಮಡಿಲೂ ಹೋಯಿತು! ಕೂಸು ಎದೆಗೆ ಬಾಯಿಟ್ಟರೆ ಸಾಕು, ಹಾಸಿಗೆ ಹತ್ತಿ ಅದರ ಕಾಲು ಹಿಡಿದು ಎಳೆಯುತ್ತಿದ್ದ. “ಇಳೀ! ಸಾಕು! ನನ್ನಮ್ಮ!”

ಗಡಿಯಾರನ ತಲೆ ಓಡಿತು. ಗೋದಾಮಿನಲ್ಲಿ ತುಂಬಿದ ಲಾರಿಗೆ ಒಂದು ಹಸಿರು ಚೀಟಿ ಅಂಟಿಸುತ್ತಾರೆ. ಚೀಟಿ ಬಿತ್ತೆಂದರೆ ಮುಗಿಯಿತು, ಬ್ರಹ್ಮ ಬಂದರೂ ಆ ಲಾರಿಯ ಬಾಗಿಲು ತೆಗೆದು ನೋಡುವಂತಿಲ್ಲ. ಹಾಲಿಗೂ ಅದೇ ಪದ್ಧತಿ ಏಕಾಗಬಾರದು? ಎರಡು ದಿನದ ಹಾಲಿನ ವೇಳೆಗಳನ್ನು ಚೌಕ ಚೌಕ ಮನೆ ಮಾಡಿ ದೊಡ್ಡ ಹಾಳೆಯಲ್ಲಿ ಬರೆದ. ಮಲಗುವ ಕೋಣೆಯ ಬಾಗಿಲಿಗೆ, ಮಗನ ಕೈಗೆ ಎಟಕುವಷ್ಟು ಕೆಳಗೆ, ಹಚ್ಚಿ, ಹಸಿರು ಚೀಟಿಗಳ ಕಟ್ಟೊಂದನ್ನು ಅವನ ಕೈಗೇ ಕೊಟ್ಟ. “ಪಾಪು ಕುಡಿದು ಮುಗಿಸಿದ ಕೂಡ್ಲೇ ಅಣ್ಣ ಒಂದು ಚೀಟಿ ಅಂಟಿಸ್ಬೇಕು. ಆಮೇಲೆ ಅಮ್ಮನ ತೊಡೆ ನಿಂದು. ಆಯ್ತಾ?”

ಮಗ ಅಂಟಿಸಿದ. ಅಪ್ಪ ಚಪ್ಪಾಳೆ ತಟ್ಟಿದ. ಅಮ್ಮ ತೊಡೆ ಕೊಟ್ಟಳು. ಕಾಲೆಳೆಯುವ ಕಾರ್ಯಕ್ರಮ ಅಂದೇ ನಿಂತಿತು!

“ನೋಡಿದ್ಯಾ ನನ್ನ ಐಡಿಯಾ?”

“ನೋಡ್ದೆ. ನೀವು ಮಗೂನ ನೋಡ್ಕೊಳ್ಳಿ,” ಎಂದಳು ಹೆಂಡತಿ.

ಮರುದಿನ ಬೆಳಗ್ಗೆ ಹತ್ತರ ಹಾಲು ಸಾಂಗವಾಗಿ ನಡೆಯಿತು. ಹೆಂಡತಿಗೆ ಜ್ವರದಲ್ಲಿ ಕಣ್ಣು ಬಿಡಲಾಗುತ್ತಿರಲಿಲ್ಲ. ಗಡಿಯಾರ ಅವಳ ಮೊಬೈಲನ್ನೇ ಎತ್ತಿಕೊಂಡ. “ಅಲಾರಂ ಯಾಕೆ? ನಾನಿಲ್ವಾ? ಒಂದಕ್ಕೆ ನಾನೇ ಎಬ್ಬಿಸ್ತೀನಿ. ನಿದ್ದೆ ಮಾಡು!”

ಹನ್ನೆರಡೂಮುಕ್ಕಾಲಿಗೆ ಮಗ ಅಪ್ಪನ ಎರಡೂ ಬೂಟುಗಳಿಗೆ ಬಚ್ಚಲಲ್ಲಿ ಸ್ನಾನ ಮಾಡಿಸಿದ. ಸೋಪಿನ ಪುಡಿಯ ಡಬ್ಬಿ ಪೂರ್ತಿ ಖಾಲಿ! ನೊರೆ ಹೊಸ್ತಿಲು ದಾಟಿ ಹಜಾರಕ್ಕೆ ಹೊರಟಿತು. ಗಡಿಯಾರ ಅದನ್ನು ಗುಡಿಸಿದ, ಜಾರಿದ, ಬಿದ್ದ, ಎದ್ದು ಮತ್ತೆ ಒರೆಸಿದ. ಗಂಟೆ ನೋಡಿದರೆ ಒಂದೂ ಇಪ್ಪತ್ತು! ಒದ್ದೆ ಕಾಲಲ್ಲೇ ಕೋಣೆಗೆ ಓಡಿದ. ಬಾಗಿಲ ಮೇಲೆ, ಒಂದರ ಮನೆಯಲ್ಲಿ, ಹಸಿರು ಚೀಟಿ ಕೂತಿತ್ತು. ‘ಅಬ್ಬಾ, ಅವಳೇ ಎದ್ದು ಕುಡಿಸಿದ್ದಾಳೆ!’ ಎಂದುಕೊಂಡ. ಹಸಿರು ಬಿದ್ದ ಬಾಗಿಲು ತೆಗೆಯುವುದುಂಟೇ? ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಸರಿದ.

ಮಧ್ಯಾಹ್ನ ಮಗನನ್ನು ಮಲಗಿಸಲು ಕತೆ ಹೇಳುತ್ತಾ ಸೋಫಾದ ಮೇಲೆ ತಾನೇ ಮಲಗಿಬಿಟ್ಟ. ಎಚ್ಚರವಾದಾಗ ನಾಲ್ಕೂಕಾಲು. ನಾಲ್ಕರ ಮನೆಯಲ್ಲೂ ಹಸಿರು! ಮಗ ಬಾಗಿಲಿಗೆ ಬೆನ್ನು ಕೊಟ್ಟು ಕೈ ಹಿಂದೆ ಕಟ್ಟಿ ನಿಂತಿದ್ದ.

“ಪಾಪು ಕುಡೀತಾ?”

“ಮುಗೀತು.”

“ಭಲೇ ಅಣ್ಣ!” ಗಡಿಯಾರ ಚಪ್ಪಾಳೆ ತಟ್ಟಿ ಟೀ ಕಾಯಿಸಲು ಹೋದ.

ಟೀ ಕುದಿಯುವ ಹೊತ್ತಿಗೆ ನರ್ಸಮ್ಮ ಬಂದಳು. ತಕ್ಕಡಿಯ ಚೀಲ ಹೆಗಲಿಗೇರಿಸಿಕೊಂಡೇ ಪಟ್ಟಿಯ ಮುಂದೆ ಬಗ್ಗಿ ನಿಂತಳು. ಗಡಿಯಾರ ಪ್ರಶಂಸೆ ಸ್ವೀಕರಿಸಲು ಎದೆ ಉಬ್ಬಿಸಿದ.

“ರಾತ್ರಿ ಏಳರದ್ದೂ ಆಯ್ತಾ?” ಎಂದಳು ನರ್ಸಮ್ಮ. “ಹತ್ತರದ್ದು? ನಾಳೆ ಬೆಳಗ್ಗಿನ ಹಾಲೂ ಇವತ್ತೇ ಕುಡಿಸಿಬಿಟ್ರಾ ಸಾರ್?”

ಹಾಳೆ ಮೇಲಿಂದ ಕೆಳಗಿನವರೆಗೆ ಹಚ್ಚಹಸಿರು. ಗದ್ದೆಯ ಹಾಗೆ!

“ಎಲ್ಲಾ ಮುಗೀತು,” ಎಂದ ಮಗ ಸಂಭ್ರಮದಿಂದ. “ಪಾಪುಗೆ ಇನ್ನು ಹಾಲಿಲ್ಲ. ಈಗ ಅಮ್ಮ ನಂದು. ಯಾವಾಗ್ಲೂ ನಂದು.”

ಗಡಿಯಾರ ಕೋಣೆಯತ್ತ ಹಾರಿದ. ಅವನು ಬಾಗಿಲು ತೆಗೆಯುವ ಮೊದಲೇ ನರ್ಸಮ್ಮ ಅದನ್ನು ತಳ್ಳಿ ಒಳಗೆ ನಡೆದಿದ್ದಳು.

ಹೆಂಡತಿ ಬೆಚ್ಚಿ ಎದ್ದಳು. “ಒಂದು ಗಂಟೆ ಆಯ್ತೇನ್ರೀ?”

ನರ್ಸಮ್ಮ ಕೂಸಿನ ಬಟ್ಟೆ ಬಿಚ್ಚಿದಳು. ಬೆಳಗ್ಗೆ ಸುತ್ತಿದ ಬಟ್ಟೆ ಒಂದು ಹನಿಯೂ ನೆನೆಯದೆ ಒಣಗಿದಂತೆಯೇ ಇತ್ತು. ಕೈ ಎತ್ತಿ ಬಿಟ್ಟರೆ ಕೈ ಬಿತ್ತು. ತಕ್ಕಡಿ ನಿನ್ನೆಗಿಂತ ಮೂವತ್ತು ಗ್ರಾಂ ಕಮ್ಮಿ ತೋರಿಸಿತು.

“ಆರೂವರೆ ಗಂಟೆ,” ಎಂದಳು ಹೆಂಡತಿ, ಗೋಡೆಯ ಗಡಿಯಾರವನ್ನೇ ನೋಡುತ್ತಾ. ಮನೆಯ ಗಡಿಯಾರನನ್ನು ಅವಳು ನೋಡಲಿಲ್ಲ. “ಎಬ್ಬಿಸ್ತೀನಿ ಅಂದಿದ್ರಿ.”

“ಚೀಟಿ ಇತ್ತು ಕಣೆ...”

“ಚೀಟಿ ಏನು ಹಾಲು ಕುಡಿಯುತ್ತಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳ ದನಿಯಲ್ಲಿ ಬೈಯುವ ಶಕ್ತಿಯೂ ಇರಲಿಲ್ಲ.

ನರ್ಸಮ್ಮ ಕೂಸಿನ ಅಂಗಾಲು ಉಜ್ಜಿದಳು, ಒದ್ದೆ ಬಟ್ಟೆಯಿಂದ ಕೆನ್ನೆ ತಟ್ಟಿದಳು. ಹೆಂಡತಿ ಹಲ್ಲು ಕಚ್ಚಿ ಕಲ್ಲಾದ ಎದೆಯಿಂದ ಹನಿ ಹನಿ ಹಿಂಡಿದಳು. ಚಮಚದಲ್ಲಿ ತುಟಿಗೆ ಮುಟ್ಟಿಸಿದರೆ ಹಾಲು ಅಂಚಿನಿಂದ ಕತ್ತಿಗೆ ಇಳಿಯಿತು. “ಇನ್ನೈದು ನಿಮಿಷ ನೋಡೋಣ. ಬಾಯಿ ಹಿಡೀಲಿಲ್ಲ ಅಂದ್ರೆ ಗಾಡಿ ಕರೀರಿ,” ಎಂದಳು ನರ್ಸಮ್ಮ.

ಗಡಿಯಾರ ಮೊಬೈಲು ಹಿಡಿದು ಬಾಗಿಲಲ್ಲಿ ನಿಂತ. ಐದು ವರ್ಷದಲ್ಲಿ ಒಂದು ಪಾರ್ಸೆಲ್ಲೂ ಕಳೆಯದ ಮನುಷ್ಯ!

ಅಷ್ಟರಲ್ಲಿ ದೊಡ್ಡವನಿಗೆ ಮೋಸ ಅರ್ಥವಾಯಿತು. ಎಲ್ಲ ಚೀಟಿ ಅಂಟಿಸಿದ ಮೇಲೂ ಪಾಪು ಅಮ್ಮನ ತೊಡೆಯಲ್ಲೇ ಇದೆ! ಹಾಸಿಗೆ ಹತ್ತಿದವನೇ ತಂಗಿಯ ಕಿವಿಯ ಹತ್ತಿರ ಬಗ್ಗಿ, ಕಟ್ಟಿದ ಗಂಟಲು ಹರಿಯುವಂತೆ ಅರಚಿದ: “ಮುಗೀತೂ! ಇಳಿಯೇ!”

ಕೂಸಿನ ಕೈಕಾಲು ಬೆಚ್ಚಿ ಹರಡಿದವು. ಬಾಯಿ ಅಗಲವಾಯಿತು. ಒಂದು ಸಣ್ಣ, ಒರಟು ಅಳು ಹೊರಟಿತು.

“ಈಗ! ಈಗ ಹಾಕಮ್ಮ!” ಎಂದು ನರ್ಸಮ್ಮ ತಲೆ ಹಿಡಿದು ಎದೆಗೆ ಒತ್ತಿದಳು. ಕೂಸು ಒಮ್ಮೆ ಚೀಪಿತು, ನಿಂತಿತು. ಮತ್ತೆ ಚೀಪಿತು. ಆಮೇಲೆ ಗುಟುಕ್ ಎಂಬ ಸದ್ದು. ಗಡಿಯಾರ ನೆಲದ ಮೇಲೆ ಕುಸಿದು ಕೂತ. ಮಗನನ್ನು ತಬ್ಬಿಕೊಂಡ; ಮಗ ಅವನ ತೋಳನ್ನು ಕಚ್ಚಿದ. ಕಚ್ಚಲಿ ಎಂದು ಬಿಟ್ಟ.

“ನಾಳೆ ಇದೇ ಹೊತ್ತಿಗೆ ಬರ್ತೀನಿ. ಬಟ್ಟೆಬರೆ ಕಟ್ಟಿಟ್ಟುಕೊಂಡಿರಿ,” ಎಂದು ನರ್ಸಮ್ಮ ಹೋದಳು.

ಆ ರಾತ್ರಿ, ಮರುದಿನ ಪೂರ್ತಿ ಅವನು ಪಾತ್ರೆ ತೊಳೆಯಲಿಲ್ಲ, ನೆಲ ಒರೆಸಲಿಲ್ಲ. ಮಗನನ್ನು ತೊಡೆಯಲ್ಲಿ ಅದುಮಿಕೊಂಡು, ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು, ಕೂಸಿನ ಗಂಟಲನ್ನೇ ನೋಡಿದ. ನುಂಗಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಉಸಿರು ಬಿಟ್ಟ.

ಮರುಸಂಜೆ ತಕ್ಕಡಿಯ ಮುಳ್ಳು ನಡುಗಿ ನಿಂತಿತು. ನಲವತ್ತು ಗ್ರಾಂ ಜಾಸ್ತಿ!

“ಪರವಾಗಿಲ್ವೇ! ಚೀಲ ಬಿಚ್ಚಿ, ಆಸ್ಪತ್ರೆ ಬೇಡ,” ಎಂದಳು ನರ್ಸಮ್ಮ. “ಯಜಮಾನ್ರು ಈಗ ಚೆನ್ನಾಗಿ ನೋಡ್ಕೊಳ್ತಿದಾರಾ?”

ಗಡಿಯಾರನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. “ಎಲ್ಲಾ ಕಣ್ಣಾರೆ ನೋಡ್ತಿದೀನಿ ಸಿಸ್ಟರ್! ಒಂದು ಗುಟುಕೂ ತಪ್ಪಿಸಿಲ್ಲ!”

“ಹಾಗಾದ್ರೆ ನನ್ನ ಜ್ವರ ಬಿಟ್ಟಿದ್ದು ಯಾವಾಗ ಅಂತ ಕೇಳಿ ಸಿಸ್ಟರ್,” ಎಂದಳು ಹೆಂಡತಿ.

ಗಡಿಯಾರ ಗೋಡೆಯ ಗಡಿಯಾರದ ಕಡೆ ನೋಡಿದ.

“ಇವತ್ತು... ಬೆಳಗ್ಗೆ?”

“ಇನ್ನೂ ಬಿಟ್ಟಿಲ್ಲ ಕಣ್ರೀ.”