ಮಿಸೌರಿ ಸಿಟಿಯ ಮೂರು ಲಾಡ್ಜುಗಳು

ಮೂರನೆಯ ನಿಯಮವೊಂದು ಇಲ್ಲದೆ ಹೋಗಿದ್ದರೆ ಹಯಗ್ರೀವನಿಗೆ ಆ ಶನಿವಾರ ಅಂಥ ಫಜೀತಿಯೇನೂ ಆಗುತ್ತಿರಲಿಲ್ಲ. ಮೊದಲನೆಯ ನಿಯಮ, ಕಾರು ಹತ್ತುವಂತಿಲ್ಲ. ಎರಡನೆಯದು, ಒಂದು ಲಾಡ್ಜಿನಲ್ಲಿ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೂರುವಂತಿಲ್ಲ. ಇವೆರಡೂ ನ್ಯಾಯವಾಗಿಯೇ ಇದ್ದವು. ಮೂರನೆಯದು, ಲಾಡ್ಜಿನವರು ಏನು ಕೊಟ್ಟರೂ ಬೇಡ ಎನ್ನುವಂತಿಲ್ಲ, ತಟ್ಟೆಯಲ್ಲಿ ಬಿಡುವಂತಿಲ್ಲ.

ನಿಯಮ ಮಾಡಿದವಳು ಆಸ್ಟಿನ್ನಿನ ಪ್ರಭಾ. ವಾರವೆಲ್ಲ ಅಲ್ಲಿನ ದ ಡೊಮೇನ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂತಿರುತ್ತಾಳೆ. ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ, ಐದು ಜನರನ್ನು ಕಟ್ಟಿಕೊಂಡು ನೇಪಾಳಕ್ಕೆ ಹೋಗುತ್ತಾಳೆ. ಅಲ್ಲಿನ ಗೈಡ್ ಒಬ್ಬನ ಹಿಂದೆ ಹದಿನಾಲ್ಕು ದಿನ ನಡಿಗೆ. ಹಗಲೆಲ್ಲ ಹತ್ತುವುದು, ಸಂಜೆ ಸಿಕ್ಕ ಹಳ್ಳಿಯ ಲಾಡ್ಜಿನಲ್ಲಿ ಉಂಡು ಮಲಗುವುದು, ಬೆಳಗಾದರೆ ಇನ್ನೂ ಮೇಲಿನ ಲಾಡ್ಜಿಗೆ ಹೊರಡುವುದು.

"ಹದಿಮೂರು ಸಾವಿರ ಅಡಿ ಮೇಲೆ ಒಂದು ಆಲೂಗಡ್ಡೆ ಬೇಯ್ಬೇಕಾದ್ರೂ ಯಾರೋ ಅದನ್ನ ಬೆನ್ನ ಮೇಲೆ ಹೊತ್ಕೊಂಡ್ ಬಂದಿರ್ತಾರೆ ಅಂಕಲ್. ಅದನ್ನ ಎಸೆಯೋರನ್ನ ನಾನು ಕರ್ಕೊಂಡ್ ಹೋಗಲ್ಲ" ಎಂದಿದ್ದಳು ಪ್ರಭಾ. ಸೀಟು ಕೊಡುವ ಮುನ್ನ ಅವಳು ಇಡುವ ಪರೀಕ್ಷೆಯೂ ಹಾಗೆಯೇ ಇತ್ತು. ಎಂಟು ಮೈಲಿ ನಡೆಯಬೇಕು, ದಾರಿಯಲ್ಲಿ ಮೂರು ಲಾಡ್ಜು, ಬೆನ್ನಿನ ಚೀಲ ಎಂಟು ಕೆಜಿಗೆ ಕಡಿಮೆಯಿರಬಾರದು, ಮಧ್ಯಾಹ್ನ ಮೂರರೊಳಗೆ ಮುಗಿಸಬೇಕು. ತಪ್ಪಿದರೆ ಸೀಟು ಇರ್ವಿಂಗಿನಲ್ಲಿ ಕಾದು ಕೂತಿರುವ ಕಲ್ಮೇಶನಿಗೆ.

ಆ ಸೀಟನ್ನು ಬಿಟ್ಟುಕೊಡಲು ಹಯಗ್ರೀವ ಸುತರಾಂ ಸಿದ್ಧನಿರಲಿಲ್ಲ. ಹಾಗೆಂದು ಅವನಿಗೆ ಬೆಟ್ಟದ ಹುಚ್ಚೇನೂ ಇರಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದೂ ಚಾಮುಂಡಿ ಬೆಟ್ಟವನ್ನು ಬಸ್ಸಿನಲ್ಲೇ ಹತ್ತಿದವನು ಅವನು. ಆದರೆ ಆರು ವರ್ಷದಿಂದ ಅವನು ಹೂಸ್ಟನ್ನಿನ ಮಗ್ಗುಲಿನ ಮಿಸೌರಿ ಸಿಟಿಯ ಕನ್ನಡ ಸಂಘದ ಕಾರ್ಯದರ್ಶಿ. ದೇವಸ್ಥಾನದ ಹಾಲ್ ಸಿಗತ್ತಾ, ದೊಡ್ಡ ಇಡ್ಲಿ ಪಾತ್ರೆ ಯಾರ ಮನೇಲಿದೆ, ನಮ್ಮತ್ತೆ ಬರ್ತಿದಾರೆ ಸ್ವಲ್ಪ ಏರ್‌ಪೋರ್ಟಿಗೆ ಹೋಗ್ತೀರಾ, ನಮ್ಮ ಮಗಳ ಡ್ಯಾನ್ಸು ಊಟಕ್ಕೆ ಮುಂಚೆ ಹಾಕ್ತೀರಾ. ಸ್ನಾನಕ್ಕೆ ಹೋದರೂ ಫೋನ್ ಬಾಗಿಲ ಹೊರಗೆ ಒದರುತ್ತಿರುತ್ತಿತ್ತು. ಪ್ರಭಾ ಕಳಿಸಿದ ಹಾಳೆಯಲ್ಲಿ 'ಮೂರನೆಯ ದಿನದಿಂದ ಫೋನ್ ಸಿಗ್ನಲ್ ಇರುವುದಿಲ್ಲ' ಎಂಬ ಸಾಲನ್ನು ಅವನು ಏಳು ಸಲ ಓದಿದ್ದ. ತಂಡದಲ್ಲಿ ಇರ್ವಿಂಗಿನವರು ಇಬ್ಬರು, ಆಸ್ಟಿನ್ನವರು ಇಬ್ಬರು, ಹೂಸ್ಟನ್ನಿನಿಂದ ಅವನೊಬ್ಬನೇ. ಆ ನಾಲ್ವರಿಗೆ ಅವನ ಪರಿಚಯವೇ ಇಲ್ಲ. ಹಿಮಾಲಯ ಕಂಡರೆ ಸಂತೋಷ, ಮೋಡ ಮುಚ್ಚಿಕೊಂಡರೂ ಅಡ್ಡಿಯಿಲ್ಲ, ಹದಿನಾಲ್ಕು ದಿನ ಯಾರೂ ಮಾತಾಡಿಸದಿದ್ದರೆ ಸಾಕು ಎಂಬುದು ಅವನ ಆಸೆ.

ಲಾಡ್ಜುಗಳಾಗಿ ಲೈಬ್ರರಿಯನ್ನೂ ಪಾರ್ಕನ್ನೂ ಸೂಚಿಸಿದ. ಲಾಡ್ಜು ಎಂದ ಮೇಲೆ ಒಲೆ ಇರಬೇಕು, ಯಜಮಾನರಿರಬೇಕು ಎಂದಳು ಪ್ರಭಾ. ಅವನ ಹೆಂಡತಿ ಗೋದಾವರಿ ತಕ್ಷಣ ಮೂರು ಮನೆಗೆ ಫೋನ್ ಮಾಡಿದಳು.

"ಬರೀ ಬಿಸಿನೀರು, ಬೆಂದ ಆಲೂಗಡ್ಡೆ ಅಂತ ಹೇಳಿದೀನಿ ರೀ. ಅವರೆಲ್ಲ ಆಯ್ತು ಅಂದ್ರು."

ಅವರು ಆಯ್ತು ಎಂದದ್ದನ್ನು ಹಯಗ್ರೀವ ನಂಬಿದ. ಇಪ್ಪತ್ತು ವರ್ಷ ನಮ್ಮವರ ಮನೆಗಳಲ್ಲಿ ಉಂಡವನು ನಂಬಬಾರದಿತ್ತು.

2016ರ ಆಗಸ್ಟಿನ ಕೊನೆಯ ಶನಿವಾರ. ಬೆಳಿಗ್ಗೆ ಎಂಟಕ್ಕೇ ಗಾಳಿ ಹಬೆಯಂತಿತ್ತು. ಇಪ್ಪತ್ತು ಪೌಂಡಿನ ಸೋನಾ ಮಸೂರಿ ಅಕ್ಕಿಯ ಮೂಟೆಯನ್ನು ಹಳೆಯ ಬೆನ್ನುಚೀಲಕ್ಕೆ ತುರುಕಿ, ಹೊಸ ಬೂಟು ಹಾಕಿಕೊಂಡು ಹಯಗ್ರೀವ ಹೊರಟ. ಪ್ರಭಾ ಕಾರಿನಲ್ಲಿ ಮುಂದೆ ಹೋಗಿ ಒಂದೊಂದು ಲಾಡ್ಜಿನಲ್ಲೂ ಗಡಿಯಾರ ಹಿಡಿದು ಕಾಯುವುದೆಂದು ಮಾತಾಗಿತ್ತು.

ಮೊದಲನೆಯ ಲಾಡ್ಜು ರಿಟೈರಾದ ಪ್ರೊಫೆಸರ್ ಶ್ರೀಕಂಠಯ್ಯನವರ ಮನೆ. ಬಾಗಿಲಿಗೆ 'ಎತ್ತರ ಒಂಬತ್ತು ಸಾವಿರ ಅಡಿ' ಎಂದು ಬರೆದು ಅಂಟಿಸಿದ್ದರು. ಮಿಸೌರಿ ಸಿಟಿ ಸಮುದ್ರಮಟ್ಟದಿಂದ ಎಂಬತ್ತು ಅಡಿ ಮೇಲಿದ್ದರೆ ಹೆಚ್ಚು.

"ಬನ್ನಿ ಬನ್ನಿ. ಬೆಂದ ಆಲೂಗಡ್ಡೆ ರೆಡಿ ಇದೆ" ಎಂದರು ಶ್ರೀಕಂಠಯ್ಯ.

ಇತ್ತು, ದೋಸೆಯ ಒಳಗೆ. ಒಂದರ ಮೇಲೊಂದು ನಾಲ್ಕು ಮಸಾಲೆ ದೋಸೆ ಬಂದವು. ಎರಡನೆಯದಕ್ಕೆ ಅವನು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದ. ಪ್ರಭಾ ತನ್ನ ದೋಸೆಯಿಂದ ತಲೆಯೆತ್ತಿ, "ರೂಲ್ ಮೂರು, ಅಂಕಲ್" ಎಂದಳು. ಕೈ ತೆಗೆದ. ಹೊರಡುವಾಗ ಶ್ರೀಕಂಠಯ್ಯನವರ ಹೆಂಡತಿ ಪುಳಿಯೋಗರೆ ಗೊಜ್ಜಿನ ಸ್ಟೀಲ್ ಡಬ್ಬಿಯೊಂದನ್ನು ತಂದರು. ಅದನ್ನೂ ಬೇಡ ಎನ್ನುವಂತಿರಲಿಲ್ಲ. ಅಕ್ಕಿಯ ಮೇಲೆ ಡಬ್ಬಿಯನ್ನು ಒತ್ತಿ ತುರುಕಿ ಜಿಪ್ ಎಳೆದ. ಚೀಲದ ತಳದಲ್ಲಿ ಏನೋ ಪರಕ್ ಎಂದಿತು. ಅವನು ಅದು ತನ್ನ ಪ್ಯಾಂಟೆಂದುಕೊಂಡು ಹಿಂದೆ ಕೈಯಾಡಿಸಿ ನೋಡಿ, ಸರಿಯಿದೆಯೆಂದು ಸಮಾಧಾನಪಟ್ಟು ನಡೆದ.

ಎರಡನೆಯ ಲಾಡ್ಜು ಹೃದಯದ ಡಾಕ್ಟರು ಮಹಾಂತಪ್ಪನವರದು. ಬಾಗಿಲಲ್ಲಿ 'ಹನ್ನೊಂದು ಸಾವಿರ ಅಡಿ'. ಅವರು ಮೊದಲು ಅವನ ನಾಡಿ ಹಿಡಿದು ನೋಡಿದರು.

"ನಿಮ್ಮ ಮಾರಿ ನೋಡಿದ್ರ ಹಿಮಾಲಯ ಆಗ್ಲೇ ಏರಿ ಇಳದು ಬಂದಂಗ ಕಾಣ್ತೈತ್ರಿ. ಕೂಡ್ರಿ, ಮೊದಲ ಊಟ ಮಾಡ್ರಿ."

ಹತ್ತೂವರೆಗೆ ಊಟ! ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ತುಪ್ಪ ಸುರಿದ ಎರಡು ಹೋಳಿಗೆ. ದೋಸೆಗಳು ಇನ್ನೂ ಜಾಗ ಬಿಟ್ಟಿರಲಿಲ್ಲ. ಹಯಗ್ರೀವ ಹಿಮಾಲಯದ ಮೌನವನ್ನು ನೆನೆಯುತ್ತ, ಕಣ್ಣು ಮುಚ್ಚಿ ತಿಂದ. ಅವನೆದುರು ಕೂತು ನೋಡುತ್ತಿದ್ದವರು ಡಾಕ್ಟರ ತಾಯಿ ನಿಂಗವ್ವ. ಎಪ್ಪತ್ತೆರಡು ವರ್ಷ. ಆರು ತಿಂಗಳಿಗೆಂದು ಧಾರವಾಡದಿಂದ ಬಂದು ಎರಡು ತಿಂಗಳಾಗಿತ್ತು. ಅವನು ಶೇಂಗಾ ಹೋಳಿಗೆಯ ಡಬ್ಬಿಯನ್ನೂ ಚೀಲಕ್ಕೆ ಸೇರಿಸಿ ಏಳುತ್ತಿದ್ದಂತೆ ಅವರು ಇಳಕಲ್ ಸೀರೆಯ ಸೆರಗು ಸಿಕ್ಕಿಸಿ, ಮೊಮ್ಮಗಳ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ತಡಿ ತಮ್ಮಾ, ನಾನೂ ಬರ್ತೀನಿ. ಕುಂತು ಕುಂತು ಕಾಲು ಮರಗಟ್ಟ್ಯಾವ. ಈ ಊರಾಗ ಓಣಿ ಅದಾವು, ನಡಿಯಾವ್ರ ಇಲ್ಲ."

"ಅಮ್ಮಾ, ಬಿಸಿಲು..."

"ಇದೇನ್ ಬಿಸಲೋ! ನಡಿ ನಡಿ."

ನಿಂಗವ್ವ ನಡೆದರು, ಮಾತಾಡಿದರು. ಎರಡನ್ನೂ ಒಂದೇ ವೇಗದಲ್ಲಿ ಮಾಡುತ್ತಿದ್ದರು. ಧಾರವಾಡದ ಮನೆ, ಪಕ್ಕದ ಮನೆಯವರ ಎಮ್ಮೆ, ಆ ಎಮ್ಮೆ ಇವರ ಹಿತ್ತಲಿಗೆ ನುಗ್ಗಿದ್ದು, ಅದರಿಂದಾಗಿ ನಿಂತುಹೋದ ಒಂದು ಮದುವೆ, ಆ ಹುಡುಗಿ ಈಗ ಎಲ್ಲಿದ್ದಾಳೆ ಎಂಬುದು. ಹಯಗ್ರೀವನಿಗೆ ಉಸಿರಾಡುವುದೇ ಕಷ್ಟವಾಗಿತ್ತು, ಹೂಂಗುಟ್ಟುವ ಮಾತೆಲ್ಲಿ ಬಂತು? ಹೂಂಗುಟ್ಟದಿದ್ದರೆ ಅವರು ಕೇಳಿಸಲಿಲ್ಲವೇನೋ ಎಂದು ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಎಮ್ಮೆ ಮೂರನೆಯ ಸಲ ಹಿತ್ತಲಿಗೆ ನುಗ್ಗುವ ಹೊತ್ತಿಗೆ ಪಕ್ಕದಲ್ಲಿ ಪೊಲೀಸ್ ಕಾರು ಬಂದು ನಿಂತಿತು. ಕಿಟಕಿ ಇಳಿಸಿದ ಅಧಿಕಾರಿ ಮರ್ಯಾದಸ್ಥ. ಇಬ್ಬರೂ ಆರೋಗ್ಯವಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ. ಯಾರೋ ಫೋನ್ ಮಾಡಿದ್ದರಂತೆ. ಒಬ್ಬ ಗಂಡಸು ದೊಡ್ಡ ಹೊರೆ ಹೊತ್ತು ತೂರಾಡುತ್ತ ಹೋಗುತ್ತಿದ್ದಾನೆ, ಒಬ್ಬ ಅಜ್ಜಿ ಅವನನ್ನು ಬೈಯುತ್ತಿದ್ದಾರೆ, ಹಿಂದೆ ಹಕ್ಕಿಗಳ ಮೆರವಣಿಗೆ ಇದೆ ಎಂದು.

ಹಕ್ಕಿ ಎಂದದ್ದಕ್ಕೆ ಹಯಗ್ರೀವ ತಿರುಗಿ ನೋಡಿದ. ಕಾಲುದಾರಿಯುದ್ದಕ್ಕೂ ಬಿಳಿಯ ಗೆರೆ. ಗೆರೆಯ ಮೇಲೆ ಐವತ್ತು ಅರವತ್ತು ಕಪ್ಪು ಹಕ್ಕಿಗಳು ಶಿಸ್ತಾಗಿ ಸಾಲು ಹಿಡಿದು ಸೋನಾ ಮಸೂರಿ ತಿನ್ನುತ್ತಿದ್ದವು. ಅವನು ಬೆನ್ನ ಹಿಂದೆ ಕೈಯಾಡಿಸಿದ. ಚೀಲ ಇಳಿಸಿದ. ತಳದ ಹೊಲಿಗೆ ಬಿಟ್ಟಿತ್ತು, ಒಳಗಿನ ಮೂಟೆಯೂ ಹರಿದಿತ್ತು. ಅಕ್ಕಿ ಮೂಟೆಯಲ್ಲಿ ಎರಡು ಹಿಡಿ ಉಳಿದಿತ್ತು. ತೂಕ ಹೋಯಿತು, ಅಂದರೆ ಸೀಟು ಹೋಯಿತು, ಮೌನವೂ ಹೋಯಿತು. ಕರವಸ್ತ್ರವನ್ನು ತೂತಿಗೆ ತುರುಕಿ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತ.

ಅಧಿಕಾರಿಗೆ ಕನಿಕರ ಬಂತು. ಕಾರಿನಲ್ಲಿ ಏಸಿ ಇದೆ, ಹತ್ತಿ, ಎಲ್ಲಿಗೆ ಬೇಕೋ ಬಿಡುತ್ತೇನೆ ಎಂದ. ಹಯಗ್ರೀವ ನೋ ಎಂದ. ಅಧಿಕಾರಿ ಬಿಡಲಿಲ್ಲ. ಆಗ ನಿಂಗವ್ವ ಅಡ್ಡ ಬಂದರು.

"ಅವಂಗ ಕಾರು ಹತ್ತಬಾರದಂತ ಐತಪ್ಪಾ. ವ್ರತ ಹಿಡಿದಾನು. ನೀ ಹೋಗು" ಎಂದು ಅಪ್ಪಟ ಧಾರವಾಡ ಕನ್ನಡದಲ್ಲಿ ಹೇಳಿ, ಸೊಂಟದ ಚೀಲದಿಂದ ಎರಡು ಚಕ್ಕಲಿ ತೆಗೆದು ಅವನ ಕೈಗಿತ್ತರು. ಅಧಿಕಾರಿ ಒಂದು ಕಡಿದು ನೋಡಿದ. ಆಮೇಲೆ ಕಾರಿನ ದೀಪ ಮಿನುಗಿಸುತ್ತ, ಆಮೆಯ ವೇಗದಲ್ಲಿ ಅವರ ಹಿಂದೆಯೇ ಬಂದ. ಅವನ ಹಿಂದೆ ಹಕ್ಕಿಗಳು ಬಂದವು.

ಮೂರನೆಯ ಲಾಡ್ಜಿನ ಮಹಾಬಲೇಶ್ವರ ಉಡುಪಿಯವರು, ಕೇಟರಿಂಗ್ ಬಿಸಿನೆಸ್ಸಿನವರು. ಅವರ ಬಾಗಿಲಿನ ಚೀಟಿಯಲ್ಲಿ 'ಹದಿಮೂರು ಸಾವಿರ ಅಡಿ, ನಿಧಾನವಾಗಿ ಉಸಿರಾಡಿ' ಎಂದಿತ್ತು. ಒಳಗೆ ಬಾಳೆಎಲೆ ಹಾಸಿತ್ತು.

"ಬಿಸಿನೀರು ಮಾತ್ರ ಅಂತ ಹೇಳಿದ್ರಲ್ಲ?" ಎಂದ ಹಯಗ್ರೀವ, ಅಳು ಬಂದವನ ಹಾಗೆ.

"ಅದುಂಟು ಮಾರಾಯ್ರೆ, ಕೈ ತೊಳೀಲಿಕ್ಕೆ. ಲಾಡ್ಜಿಗೆ ಬಂದವರನ್ನು ಹಾಗೇ ಕಳಿಸ್ಲಿಕ್ಕುಂಟಾ?"

ಎಲೆಯ ಮೇಲೆ ಏನೇನಿತ್ತೆಂದು ಅವನಿಗೆ ಇಂದಿಗೂ ನೆನಪಿಲ್ಲ. ಎರಡು ಬಗೆ ಪಾಯಸವಿತ್ತು ಎಂಬುದಷ್ಟೇ ಖಂಡಿತ. ಉಂಡೆದ್ದು ಬೂಟಿನ ದಾರ ಕಟ್ಟಲು ಬಗ್ಗಲಾಗಲಿಲ್ಲ, ಮಹಾಬಲೇಶ್ವರರೇ ಕಟ್ಟಿದರು. ಕಟ್ಟಿ, ಹಲಸಿನ ಹಪ್ಪಳದ ಡಬ್ಬಿ ತಂದರು. ಹಯಗ್ರೀವನ ಕಣ್ಣು ಒಮ್ಮೆಲೆ ಹೊಳೆಯಿತು. ಚೀಲಕ್ಕೆ ತೂಕ ಬೇಕಿತ್ತಲ್ಲ!

"ಮಹಾಬಲೇಶ್ವರ್... ಇನ್ನೊಂದು ಡಬ್ಬಿ ಏನಾದ್ರೂ ಇದೆಯಾ? ಸ್ವಲ್ಪ ಭಾರದ್ದು?"

ಇಷ್ಟು ವರ್ಷದಲ್ಲಿ ಈ ಮನುಷ್ಯ ಬಾಯಿಬಿಟ್ಟು ಕೇಳಿದ್ದು ಇದೇ ಮೊದಲು. ಮಹಾಬಲೇಶ್ವರರು ಹಿಗ್ಗಿ ಒಳಗೆ ಓಡಿ ಮಾವಿನ ಮಿಡಿ ಉಪ್ಪಿನಕಾಯಿಯ ಇಡೀ ಜಾಡಿಯನ್ನೇ ತಂದುಕೊಟ್ಟರು.

ಕೊನೆಯ ಹತ್ತುವಿಕೆ ಬಡಾವಣೆಯ ಅಂಚಿನಲ್ಲಿತ್ತು. ನೆರೆ ನೀರು ಒಳಗೆ ಬಾರದಂತೆ ಕಟ್ಟಿದ ಮಣ್ಣಿನ ಏರಿ, ಎತ್ತರ ಹದಿನೈದು ಅಡಿ. ಸುತ್ತ ಹತ್ತು ಮೈಲಿಯಲ್ಲಿ ಅದಕ್ಕಿಂತ ಎತ್ತರದ ನೆಲವಿಲ್ಲ. ಅಷ್ಟರಲ್ಲಿ ಮೂರು ಲಾಡ್ಜಿನವರೂ ಸಂಸಾರ ಸಮೇತ ಕಾರುಗಳಲ್ಲಿ ಬಂದು ಸೇರಿದ್ದರು. ಗೋದಾವರಿಯೂ ಬಂದಿದ್ದಳು, ಪೊಲೀಸ್ ಅಧಿಕಾರಿಯೂ ಇದ್ದ. ಗಂಟೆ ಎರಡು ನಲವತ್ತೆಂಟು.

ಹಯಗ್ರೀವ ನಾಲ್ಕು ಹೆಜ್ಜೆ ಹತ್ತಿ ಜಾರಿದ. ಮತ್ತೆ ಹತ್ತಿ ಮತ್ತೆ ಜಾರಿದ. ಎರಡೂ ಪಾಯಸ ಅವನನ್ನು ಕೆಳಗೆ ಎಳೆಯುತ್ತಿದ್ದವು. ನಿಂಗವ್ವ ಆಗಲೇ ಮೇಲೆ ನಿಂತು, "ಕೈ ಊರು ತಮ್ಮಾ, ಕೈ ಊರು!" ಎನ್ನುತ್ತಿದ್ದರು. ಅವನು ನಾಚಿಕೆ ಬಿಟ್ಟು ಅಂಬೆಗಾಲಿಟ್ಟ. ಎರಡು ಐವತ್ತೆಂಟಕ್ಕೆ ಏರಿಯ ನೆತ್ತಿಯ ಮೇಲೆ ಬೋರಲು ಬಿದ್ದ.

ಪ್ರಭಾ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಗೆ ಚೀಲ ನೇತುಹಾಕಿದಳು. ಎಲ್ಲರೂ ಅಂಕಿ ನೋಡಲು ಬಗ್ಗಿದರು.

"ಎಂಟು ಕೆಜಿ ಮುನ್ನೂರು ಗ್ರಾಂ. ಪಾಸ್, ಅಂಕಲ್!"

ಚಪ್ಪಾಳೆ ಬಿತ್ತು. ಹಯಗ್ರೀವನಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಎದ್ದು ಕೂತು ಕೆಳಗಿನ ಚಾವಣಿಗಳನ್ನೆಲ್ಲ ನೋಡಿದ. ಅಕ್ಟೋಬರಿನಲ್ಲಿ ಇವಾವುವೂ ಇರುವುದಿಲ್ಲ. ಹಿಮ, ಗಾಳಿ, ಪರಿಚಯವಿಲ್ಲದ ನಾಲ್ವರು ಮಾತ್ರ. ಇಷ್ಟು ಸುಖ ಅವನಿಗೆ ಬಹಳ ದಿನದಿಂದ ಆಗಿರಲಿಲ್ಲ.

"ಪ್ರಭಾ ಅವ್ರ, ನಮ್ಮ ಹೆಸರೂ ಬರ್ಕೋರಿ" ಎಂದರು ಡಾಕ್ಟರ್ ಮಹಾಂತಪ್ಪ. "ನಾನು, ನಮ್ಮನಿಯಾಕಿ, ನಮ್ಮವ್ವ."

"ನಮ್ಮದು ಎರಡು" ಎಂದರು ಮಹಾಬಲೇಶ್ವರ.

"ನಮ್ಮದೂ ಎರಡು" ಎಂದರು ಶ್ರೀಕಂಠಯ್ಯ.

"ನಾನೊಬ್ಳೇ ಮನೇಲಿ ಕೂತು ಏನ್ ಮಾಡ್ಲಿ? ನಂದೂ ಬರ್ಕೋಮ್ಮ" ಎಂದಳು ಗೋದಾವರಿ.

ಹಯಗ್ರೀವ ತಡಬಡಿಸಿ ಎದ್ದು ನಿಂತ. "ನಿಮಗೆಲ್ಲ ಟ್ರೆಕ್ಕಿಂಗ್ ಮೇಲೆ ಆಸೆ ಯಾವಾಗಿಂದ?"

ಶ್ರೀಕಂಠಯ್ಯ ಅವನ ಹೆಗಲ ಮೇಲೆ ಪ್ರೀತಿಯಿಂದ ಕೈಯಿಟ್ಟರು. "ಬೇಜಾರ್ ಮಾಡ್ಕೋಬೇಡಿ ಹಯಗ್ರೀವ. ಹಿಮಾಲಯ ನಮ್ಮಂಥೋರಿಗಲ್ಲ ಅಂತ ಇಷ್ಟು ವರ್ಷ ಹೆದರ್ಕೊಂಡಿದ್ವಿ. ಬೆಳಗಿಂದ ನಿಮ್ಮನ್ನ ನೋಡ್ತಾ ನೋಡ್ತಾ ಆ ಹೆದರಿಕೆ ಪೂರ್ತಿ ಹೋಯ್ತು. ನೀವೇ ಪಾಸಾದ ಮೇಲೆ ಇನ್ನು ಫೇಲಾಗೋರು ಯಾರಿದಾರೆ?"

ಪ್ರಭಾ ಫೋನಿನಿಂದ ತಲೆಯೆತ್ತಿದಳು. "ಇರ್ವಿಂಗ್, ಆಸ್ಟಿನ್ನವರಿಗೆ ಈಗ್ಲೇ ಮೆಸೇಜ್ ಹಾಕ್ದೆ ಅಂಕಲ್, ದೊಡ್ಡ ಗ್ರೂಪ್ ಆಗತ್ತೆ ಅಂತ. ಅವರು ನಾಲ್ಕೂ ಜನ ಬೇರೆ ಗೈಡ್ ಹಿಡಿದು ತಮ್ಮದೇ ಒಂದು ಬ್ಯಾಚ್ ಮಾಡ್ಕೋತಾರಂತೆ. ಗಲಾಟೆ ಇಲ್ದೆ ಶಾಂತವಾಗಿ ಹೋಗ್ಬೇಕಂತೆ ಅವರಿಗೆ."

"ಆ ಬ್ಯಾಚಲ್ಲಿ ಐದನೇ ಸೀಟು ಇರತ್ತಲ್ಲಮ್ಮ?" ಎಂದು ಹಯಗ್ರೀವ ಅವಳ ತೋಳು ಹಿಡಿದುಕೊಂಡ.

"ಇತ್ತು ಅಂಕಲ್. ಈಗಷ್ಟೇ ಕಲ್ಮೇಶ್ ತಗೊಂಡ್ರು. ಹೇಗೂ ನೀವಿಲ್ದೆ ಈ ಗ್ರೂಪ್ ಹೇಗೆ ನಡಿಯತ್ತೆ? ನಿಮ್ಮನ್ನೇ ಲೀಡರ್ ಮಾಡಿದೀನಿ."

ಹಯಗ್ರೀವ ಮತ್ತೆ ಬೋರಲು ಮಲಗಿದ. ನಿಂಗವ್ವ ಸೆರಗಿನಿಂದ ಗಾಳಿ ಬೀಸುತ್ತ ಅವನ ಪಕ್ಕದಲ್ಲೇ ಕೂತರು.

"ಒಬ್ಬಾಂವ ಹೆಂಗ ಹೊಕ್ಕಿಯೋ ಅಂತ ನನಗ ಮುಂಜಾನಿಂದ ಚಿಂತಿ ಹತ್ತಿತ್ತು ತಮ್ಮಾ. ಇನ್ನ ಚಿಂತಿಲ್ಲ, ನಿನ್ನ ಜೋಡಿ ನಾನ ನಡೀತೀನಿ. ಅಲ್ಲಿ ಫೋನೂ ಹತ್ತೂದಿಲ್ಲಂತಲ್ಲ, ಛಲೋ ಆತು. ಹದಿನಾಕ ದಿನ ಪುರಸೊತ್ತಿಲೆ ಮಾತಾಡಬೌದು."