ಓಹಾಯೋ ಬೀಗರ ಅಭಿಪ್ರಾಯಗಳು

ಲಂಡನ್ನಿನ ನಮ್ಮ ಮನೆಗೆ ಬರುವವರಲ್ಲಿ ನಾನಾ ಬಗೆಯವರಿದ್ದಾರೆ. ನೆಂಟರು ಬಂದರೆ ಟಿವಿ ಹಾಕಿ ಕೂರಿಸಬಹುದು. ಸ್ನೇಹಿತರು ಬಂದರೆ ಅವರ ಕೈಯಲ್ಲೇ ಈರುಳ್ಳಿ ಹೆಚ್ಚಿಸಬಹುದು. ಬಾಯ್ಲರ್ ರಿಪೇರಿಯವನು ಬಂದರೆ ಒಂದು ಕಪ್ ಟೀ ಕೊಟ್ಟು, ಅವನ ಹಿಂದೆ ಕೈಕಟ್ಟಿ ನಿಂತು, ಎಲ್ಲ ಅರ್ಥವಾದವನಂತೆ ಹೂಂಗುಟ್ಟಿದರೆ ಸಾಕು. ಬೀಗರು ಬಂದರೆ ಮಾತ್ರ ಕೂತರೂ ತಪ್ಪು, ನಿಂತರೂ ತಪ್ಪು. ಅದರಲ್ಲೂ ಗಂಡಿನ ಕಡೆಯವರಾದರೆ ಕೇಳುವುದೇ ಬೇಡ. ಮೈಸೂರಿನಲ್ಲಿ ನಮ್ಮಕ್ಕನ ಮದುವೆ ಮಾತುಕತೆ ನಡೆದಾಗ ಬೀಗರು ಮಧ್ಯಾಹ್ನದ ಬಿಸಿಲನ್ನು ಬೆಳದಿಂಗಳು ಎಂದಿದ್ದರೂ ನಮ್ಮಪ್ಪ ಹೊದ್ದುಕೊಳ್ಳಲು ಶಾಲು ತರಿಸುತ್ತಿದ್ದರು. ಹೆಣ್ಣು ಹೆತ್ತವರು ಎದುರಾಡಬಾರದು, ಅಷ್ಟೆ. ಯಾಕೆ ಎಂದು ನಾವ್ಯಾರೂ ಕೇಳಿದವರಲ್ಲ.

ನಮ್ಮ ಮಗಳು ಸಿಂಧು ತನ್ನ ಆಫೀಸಿನ ಕೇಲಬ್ ಎಂಬ ಅಮೆರಿಕದ ಹುಡುಗನನ್ನು ಮದುವೆಯಾಗುತ್ತೇನೆಂದಳು. ಹುಡುಗ ಒಳ್ಳೆಯವನು, ನಮ್ಮ ಮನೆಯ ಸಾರನ್ನು ಲೋಟದಲ್ಲಿ ಕುಡಿಯುತ್ತಾನೆ. ತೊಡಕಾಗಿದ್ದು ಅವನ ತಂದೆ. ಡ್ವೈಟ್ ಎಂದು ಹೆಸರು, ಓಹಾಯೋದಲ್ಲಿ ಟ್ರ್ಯಾಕ್ಟರ್ ಮಾರುತ್ತಿದ್ದು ನಿವೃತ್ತರಾದವರು. ಈಗ ವಾರಕ್ಕೊಮ್ಮೆ ತಮ್ಮ ಗ್ಯಾರೇಜಿನಲ್ಲಿ ಕೂತು ರಾಜಕೀಯ, ಆರ್ಥಿಕತೆ, ಸಿನಿಮಾ, ಹಾಡು, ಹುಡುಗರ ಹರಕು ಪ್ಯಾಂಟು ಎಲ್ಲದರ ಮೇಲೂ ಪಾಡ್‌ಕಾಸ್ಟ್ ಮಾಡುತ್ತಾರೆ. "ಹಿ ಈಸ್ ಎ ಬಿಟ್ ಕನ್ಸರ್ವೇಟಿವ್, ಅಪ್ಪ" ಎಂದಳು ಸಿಂಧು. ಆ 'ಬಿಟ್' ಎಷ್ಟು ದೊಡ್ಡದೆಂದು ನೋಡಲು ನಾನು ಮೆಟ್ರೋಪಾಲಿಟನ್ ಲೈನಿನ ರೈಲಿನಲ್ಲಿ ಆಫೀಸಿಗೆ ಹೋಗುತ್ತಾ ಅವರ ಮಾತು ಕೇಳಿದೆ. ಸರ್ಕಾರ ಎಂಬುದು ಕರೆಯದೇ ಬಂದು ಹಾಸಿಗೆ ಹಾಸಿಕೊಂಡ ನೆಂಟನಂತೆ. ತೆರಿಗೆ ಅಂದರೆ ಹಗಲುದರೋಡೆಯಂತೆ. ಈಗಿನ ಸಿನಿಮಾಗಳಲ್ಲಿ ಅಪ್ಪ ಎಂಬ ಪ್ರಾಣಿಯನ್ನು ಪೆದ್ದನನ್ನಾಗಿಯೇ ತೋರಿಸುತ್ತಾರಂತೆ. ಈ ಕೊನೆಯದನ್ನು ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಇಂಥವರು ಮದುವೆ ಮಾತಿಗೆಂದು ನಮ್ಮ ಮನೆಯಲ್ಲೇ ಬಂದು ಉಳಿಯುತ್ತಾರೆ ಎಂದಾಗ ಭಯ ಹತ್ತಿಕೊಂಡಿತು.

ಭಯಕ್ಕೆ ಕಾರಣ ನನ್ನ ಹೆಂಡತಿ ವನಜಾ. ಅವಳು ಧಾರವಾಡದವಳು, ಮೇಲಾಗಿ ಇಲ್ಲಿ ಜಿಪಿ ಸರ್ಜರಿ ಎನ್ನುವ ಪುಕ್ಕಟೆ ಸರ್ಕಾರಿ ದವಾಖಾನೆಯ ರಿಸೆಪ್ಷನ್ನಿನಲ್ಲಿ ಕೂರುವವಳು. ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿ ಅಪಾಯಿಂಟ್‌ಮೆಂಟ್‌ಗಾಗಿ ಜಗಳವಾಡುವ ನಮ್ಮ ಹ್ಯಾರೋ ಬಡಾವಣೆಯ ಸಮಸ್ತರನ್ನೂ ಸಂಭಾಳಿಸಿದ ಬಾಯಿ ಅದು. "ನೋಡು, ಅವರು ಏನೇ ಅಂದರೂ ನೀನು ಮಾತಾಡಬೇಡ" ಎಂದು ಬೇಡಿಕೊಂಡೆ.

"ನಾ ಯಾಕ ಮಾತಾಡ್ಲಿ ರೀ? ಬಾಯಿ ಹೊಲ್ಕೊಂಡು ಕುಂದರ್ತೀನಿ ತಗೋರಿ" ಎಂದಳು. ಅವಳು ಅಷ್ಟು ಬೇಗ ಒಪ್ಪಿದ್ದೇ ನನಗೆ ಅನುಮಾನ ತಂದಿತು.

ಡ್ವೈಟ್ ಬಂದರು. ಹೆಂಡತಿಗೆ ಮಂಡಿ ಆಪರೇಷನ್ ಆಗಿದ್ದರಿಂದ ಒಬ್ಬರೇ ಬಂದಿದ್ದರು. ಹೀಥ್ರೋ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಕರೆತರುವಾಗಲೇ ಶುರುವಾಯಿತು. ಈ ದೇಶದಲ್ಲಿ ತೆರಿಗೆ ಜಾಸ್ತಿ ಎಂದರು. ಹೌದು ಹೌದು ಎಂದೆ. ಕೌನ್ಸಿಲಿನವರು ಜನರ ಕಸದ ಡಬ್ಬಿಯಲ್ಲೂ ಕೈಯಾಡಿಸುತ್ತಾರೆ ಎಂದರು. ಛೇ, ಹೌದು ಎಂದೆ. ನಮ್ಮ ದೇಶದವರ ಅಂಗಡಿಗಳೇ ತುಂಬಿದ ಸೌತ್‌ಹಾಲ್‌ಗೆ ಕರೆದುಕೊಂಡು ಹೋಗಿ ಜಿಲೇಬಿ ಕೊಡಿಸಿದೆ. ಅಲ್ಲಿನ ಅಂಗಡಿಗಳನ್ನು ನೋಡಿ, ಸರ್ಕಾರ ಅಡ್ಡ ಬರದಿದ್ದರೆ ಜನ ಹೀಗೆ ಬೆಳೆಯುತ್ತಾರೆ ಎಂದರು. ಅದ್ಭುತವಾದ ಮಾತು ಎಂದೆ. ಮರುದಿನ ತಿಂಡಿ ತಿನ್ನುತ್ತಾ ನನ್ನ ಮುಖವನ್ನೇ ನೋಡಿ, ಯೋಚಿಸಿದರೆ ತೆರಿಗೆ ಇನ್ನೂ ಸ್ವಲ್ಪ ಹೆಚ್ಚಿಸಬಹುದು ಅನ್ನಿಸುತ್ತದೆ ಎಂದರು. ಹೌದು ಹೌದು, ಖಂಡಿತ ಹೆಚ್ಚಿಸಬೇಕು ಎಂದೆ. ಅವರು ಇಡ್ಲಿಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದರು. ಚಟ್ನಿ ಖಾರವಾಗಿರಬೇಕು ಎಂದುಕೊಂಡೆ.

ಅವತ್ತು ಸಂಜೆ ಸಿಂಧು ಅಳುತ್ತಾ ಅಡುಗೆಮನೆಗೆ ಬಂದಳು. ಕೇಲಬ್ ಫೋನ್ ಮಾಡಿದ್ದನಂತೆ. ಅವನ ತಂದೆಗೆ ಮನಸ್ಸು ಕೆಟ್ಟಿದೆ, ವಾಪಸ್ಸು ಹೋಗುವ ಮಾತಾಡುತ್ತಿದ್ದಾರೆ. "ಹಿ ಥಿಂಕ್ಸ್ ಯು ಡೋಂಟ್ ವಾಂಟ್ ದಿಸ್ ವೆಡ್ಡಿಂಗ್, ಅಪ್ಪ! ತೆರಿಗೆ ವಿಷಯಕ್ಕೇ ಮನಸ್ಸಿನಲ್ಲಿರೋದನ್ನ ಹೇಳದವರು ಮದುವೆ ವಿಷಯಕ್ಕೆ ಹೇಳ್ತಾರಾ ಅಂತ ಕೇಳ್ತಿದಾರಂತೆ" ಎಂದಳು. ಅವಳು ಪೂರ್ತಿ ವಾಕ್ಯ ಕನ್ನಡದಲ್ಲಿ ಆಡಿದಳೆಂದರೆ ದುಃಖ ಎಷ್ಟಿರಬೇಕು ಲೆಕ್ಕ ಹಾಕಿ. ಮರ್ಯಾದೆ ಕೊಟ್ಟು ಕೊಟ್ಟು ಮಗಳ ಮದುವೆ ಮುರಿದ ಅಪ್ಪ ನಾನೊಬ್ಬನೇ ಇರಬೇಕು ಎಂದು ನಿಜಕ್ಕೂ ಅಳು ಬಂತು.

ಮರುದಿನ ಭಾನುವಾರ. ಹೋಳಿಗೆ ಊಟ. ಕೇಲಬ್ ಕೂಡ ಬಂದಿದ್ದ. ಯಾರೂ ಮಾತಾಡುತ್ತಿರಲಿಲ್ಲ. ಮೌನ ಮುರಿಯಲು ನನಗೆ ತಿಳಿದಿದ್ದ ಉಪಾಯ ಒಂದೇ. ಹೋಳಿಗೆಯ ಮೇಲೆ ಇನ್ನಷ್ಟು ತುಪ್ಪ ಸುರಿದೆ. ಡ್ವೈಟ್ ನಿಟ್ಟುಸಿರಿಟ್ಟು, ಯಾರನ್ನೂ ನೋಡದೆ, ವೈದ್ಯರನ್ನು ಪುಕ್ಕಟೆ ಮಾಡಿದರೆ ಜನ ಸುಮ್ಮಸುಮ್ಮನೆ ಸೀನು ಬಂತೆಂದು ಹೋಗಿ ಕೂರುತ್ತಾರೆ, ಅಲ್ಲಿ ಕೆಲಸ ಮಾಡುವವರೂ ಸೋಮಾರಿಗಳಾಗುತ್ತಾರೆ ಎಂದರು. ನಾನು "ಹೌ..." ಎನ್ನುವಷ್ಟರಲ್ಲಿ ವನಜಾ ಸೌಟನ್ನು ಟಪ್ಪೆಂದು ಇಟ್ಟಳು.

"ಸಾಕ್ ಸುಮ್ನಿರ್ರಿ ನೀವು!" ಎಂದು ನನಗೆ ಹೇಳಿ ಅವರತ್ತ ತಿರುಗಿದಳು. ಇಂಗ್ಲಿಷಿನಲ್ಲೇ ತರಾಟೆಗೆ ತೆಗೆದುಕೊಂಡಳು. ಯಾರು ಸೋಮಾರಿ? ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಿ. ಎದೆನೋವು ಬಂದವನು ಮೊದಲು ಜೇಬು ಮುಟ್ಟಿ ನೋಡಿಕೊಳ್ಳಬೇಕೇ? ನಿಮ್ಮ ಹೆಂಡತಿಯ ಮಂಡಿಗೆ ಇನ್ಶೂರೆನ್ಸಿನವರ ಜೊತೆ ಎಷ್ಟು ಸಲ ಜಗಳವಾಡಿದಿರಿ, ನಿಜ ಹೇಳಿ!

ನಾನು ಕಣ್ಣು ಮುಚ್ಚಿದೆ. ಮಂಟಪ, ವಾಲಗ, ಮಗಳು ಎಲ್ಲ ಕೈಬಿಟ್ಟು ಹೋದಂತೆ ಕಂಡಿತು. ಕಣ್ಣು ಬಿಟ್ಟಾಗ ಡ್ವೈಟ್ ಕುರ್ಚಿ ಮುಂದಕ್ಕೆಳೆದುಕೊಂಡು, ತೋಳು ಮಡಚಿಕೊಳ್ಳುತ್ತಿದ್ದರು. ಮುಖದಲ್ಲಿ ಹಬ್ಬದ ಕಳೆ. ಇನ್ಶೂರೆನ್ಸಿನವರ ಮಾತೆತ್ತಬೇಡಿ, ಅವರು ಕಳ್ಳರು, ಆದರೆ ನೀವು ಹೇಳಿದ್ದು ಶುದ್ಧ ತಪ್ಪು ಎಂದು ಆರಂಭಿಸಿದರು. ಅವಳು ಬಿಡಲಿಲ್ಲ, ಅವರೂ ಬಿಡಲಿಲ್ಲ. ವೈದ್ಯರಿಂದ ಬ್ಯಾಂಕ್ ಬಡ್ಡಿಗೆ, ಬಡ್ಡಿಯಿಂದ ಈಗಿನ ಹಾಡುಗಳಿಗೆ ಹೋದರು. ಹಾಡಿನ ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ ಪಕ್ಷವಾಗಿ ಸಿಂಧು, ಕೇಲಬ್ ಇಬ್ಬರನ್ನೂ ಬೈದರು. ಈ ನಡುವೆ ಡ್ವೈಟ್ ಯಾರ ಒತ್ತಾಯವೂ ಇಲ್ಲದೆ ಹೋಳಿಗೆ ಹಾಕಿಸಿಕೊಳ್ಳುತ್ತಲೇ ಇದ್ದರು. ನನ್ನ ಎದೆಯಿಂದ ಒಂದು ಮಣ ಭಾರ ಇಳಿಯಿತು. ಕೊನೆಗೆ ಅವರೇ ಮದುವೆಯ ದಿನದ ಮಾತೆತ್ತಿದಾಗ ಸಿಂಧು ನನ್ನ ಕೈ ಹಿಸುಕಿದಳು.

ಕೈತೊಳೆದು ಬಂದ ಮೇಲೆ ಡ್ವೈಟ್ ನನ್ನತ್ತ ಬೆರಳು ತೋರಿಸಿ, ಇವರು ಯಾಕೆ ಹೀಗೆ ಎಂದು ಕೇಳಿದರು. ಹುಡುಗನ ತಂದೆಗೆ ಹುಡುಗಿಯ ತಂದೆ ಎದುರಾಡಬಾರದು ಎಂಬುದು ಅಪ್ಪನ ಊರಿನ ಹಳೆಯ ಪದ್ಧತಿ ಎಂದು ಸಿಂಧು ವಿವರಿಸಿದಳು. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಎದ್ದು ಬಂದು ಎರಡೂ ಕೈಯಲ್ಲಿ ನನ್ನ ಕೈ ಕುಲುಕಿದರು. "ಎಲ್ಲರೂ ನನ್ನನ್ನು ಸಂಪ್ರದಾಯವಾದಿ ಎನ್ನುತ್ತಾರೆ, ಆದರೆ ಅಜ್ಜನ ಕಾಲದ ಪದ್ಧತಿಯನ್ನು ಪ್ರಶ್ನೆಯನ್ನೇ ಕೇಳದೆ ಇಷ್ಟು ದೂರ ಹೊತ್ತು ತಂದವರನ್ನು ನೋಡಿಯೇ ಇರಲಿಲ್ಲ, ನಿಮ್ಮ ಮುಂದೆ ನಾನು ಏನೂ ಅಲ್ಲ" ಎಂದರು.

ಇಷ್ಟು ವರ್ಷ ನಾನು ಬಹಳ ಮುಂದುವರಿದ ವಿಚಾರದವನು ಎಂದುಕೊಂಡೇ ಲಂಡನ್ನಿನಲ್ಲಿ ಓಡಾಡಿದವನು. ಈ ಮಾತನ್ನು ಮಾತ್ರ ಸುತರಾಂ ಒಪ್ಪುವಂತಿರಲಿಲ್ಲ. ಖಂಡಿಸಲೇಬೇಕು ಎಂದು ಗಂಟಲು ಸರಿಮಾಡಿಕೊಂಡೆ. ಆದರೆ ಏನು ಮಾಡಲಿ, ಹೇಳಿದವರು ಗಂಡಿನ ತಂದೆ.

"ಹೌದು ಹೌದು" ಎಂದೆ.