ಗೋಲಿನ ಮಹಜರು

ಪರಮೇಶನ ಮೇಲೆ ಮೂಗರ್ಜಿ ಬಂತು. ಒಂದೇ ಹಾಳೆ, ಸಹಿ ಇಲ್ಲ, ಕೆಳಗೆ ‘ನೊಂದ ನಾಗರಿಕ’ ಎಂದಿತ್ತು. ಈ ಗುಮಾಸ್ತ ಫುಟ್‌ಬಾಲ್ ಆಟಗಾರನೆಂದು ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಸೇರಿದ್ದಾನೆ, ಆದರೆ ಹೊಳಲ್ಕೆರೆಗೆ ಬಂದ ಎರಡು ವರ್ಷದಲ್ಲಿ ಇವನು ಓಡಿದ್ದನ್ನು ಕಂಡವರಿಲ್ಲ, ಹೊರಟ ಬಸ್ಸಿಗೂ ಓಡಿಲ್ಲ, ಆದ್ದರಿಂದ ಸರ್ಟಿಫಿಕೇಟು ಖೋಟಾ ಎಂಬುದು ಅರ್ಜಿಯ ಸಾರ. ಕಚೇರಿಯ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಈ ಕತೆಯ ಮೇಲೂ ಒಂದು ವಿಚಾರಣೆ ಕೂರುತ್ತದೆ. ಜಮೀನು ಅಳೆಯುವ, ಅಳೆದದ್ದನ್ನು ಬರೆದಿಡುವ ಕಚೇರಿ ಎಂದಷ್ಟು ಗೊತ್ತಿದ್ದರೆ ಸಾಕು.

ಓಡುವುದಿಲ್ಲ ಎಂಬುದು ಮಾತ್ರ ನಿಜ. ಪರಮೇಶ ಹುಟ್ಟಿದ್ದು ಐಮಂಗಲದಲ್ಲಿ, ಹೆದ್ದಾರಿಗೆ ಹದಿನೈದು ಹೆಜ್ಜೆ ದೂರದ ಮನೆಯಲ್ಲಿ. ಅಲ್ಲಿ ಚೆಂಡಿನ ಹಿಂದೆ ಓಡಿದವನು ಸೀದಾ ಲಾರಿಯ ಕೆಳಗೆ ಹೋಗುತ್ತಾನೆ. “ಅದರ ಹಿಂದೆ ಓಡಬ್ಯಾಡ, ಅದು ಬರೋ ಕಡೆ ಮೊದ್ಲೇ ಹೋಗಿ ನಿಂತ್ಕ” ಎಂದು ತಾಯಿ ಗಂಗಕ್ಕ ಕಿವಿ ಹಿಂಡಿ ಕಲಿಸಿದ್ದಳು. ಆ ಒಂದೇ ಪಾಠದ ಬಲದಲ್ಲಿ ಅವನು ಬೆಂಗಳೂರಿಗೆ ಹೋಗಿ, ಸಂಬಳ ಕೊಟ್ಟು ಆಡಿಸುವ ಕ್ಲಬ್ಬೊಂದರಲ್ಲಿ ಆರು ವರ್ಷ ಫಾರ್ವರ್ಡ್ ಆಗಿ ಆಡಿದ. ಐವತ್ಮೂರು ಗೋಲು ಹೊಡೆದ. ಅದರಲ್ಲಿ ಒಂದನ್ನೂ ಜನ ನೆನಪಿಟ್ಟುಕೊಳ್ಳಲಿಲ್ಲ. ಚೆಂಡನ್ನು ಮೈದಾನದ ಉದ್ದಕ್ಕೂ ತಂದವರು ಬೇರೆಯವರು, ಬೆವರು ಸುರಿಸಿದವರು ಬೇರೆಯವರು. ಇವನು ಎದುರಾಳಿಗಳ ಕೊನೆಯ ಡಿಫೆಂಡರಿನ ಹೆಗಲಿಗೆ ಹೆಗಲು ಸರಿಯಾಗಿ, ಒಂದಂಗುಲ ಮುಂದೆ ಹೋಗದೆ, ಒಂದಂಗುಲ ಹಿಂದೆ ಬೀಳದೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಬಂದಾಗ ಒಂದು ಸಲ ಕಾಲು ಆಡಿಸುತ್ತಿದ್ದ. ಇದು ಸುಲಭದ ಕೆಲಸವಲ್ಲ. ಸುಲಭ ಅನ್ನುವವರು ಒಂದು ದಿನ ನಿಂತು ನೋಡಲಿ.

ತೊಂಬತ್ತೈದರಲ್ಲಿ ಅವನ ಮಂಡಿ ಹೋಯಿತು, ಅದೇ ವರ್ಷ ಕ್ಲಬ್ಬೂ ಮುಚ್ಚಿಹೋಯಿತು. ಉಳಿದ ಸರ್ಟಿಫಿಕೇಟಿನಿಂದ ಈ ಕೆಲಸ ಸಿಕ್ಕಿತು. ಈಗ ಪ್ರೊಬೇಷನ್ ಮುಗಿಯಲು ಒಂದು ತಿಂಗಳಿತ್ತು. ಮುಗಿದರೆ ಕೆಲಸ ಖಾಯಂ, ಖಾಯಂ ಆದರೆ ಮಾಡದಕೆರೆಯ ಮೂಡಲಗಿರಿಯಪ್ಪನವರ ಮಗಳು ಅಂಜಲಿಯ ಜೊತೆ ಮದುವೆ. ಮೂಡಲಗಿರಿಯಪ್ಪನವರು ನಿವೃತ್ತ ಮೇಷ್ಟ್ರು. ಪರಮೇಶನನ್ನು ಆಗಲೇ ‘ಅಳಿಯಂದ್ರೆ’ ಎಂದು ಕರೆಯುತ್ತಿದ್ದರು, ಮಗಳನ್ನು ಮಾತ್ರ ಕೊಟ್ಟಿರಲಿಲ್ಲ. ಪರಮೇಶನಿಗೆ ಅಂಜಲಿ ಎಂದರೆ ಪ್ರಾಣ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಅಂಜಲಿಗೂ ಹೇಳಿರಲಿಲ್ಲ.

ಕಚೇರಿಯ ಸಾಹೇಬರು ನಿರಂಜನ್ ಅವರು ಕೆಟ್ಟವರಲ್ಲ, ಕ್ರಮ ಬಿಟ್ಟು ಕದಲುವವರೂ ಅಲ್ಲ. ಸರ್ಟಿಫಿಕೇಟು ನಿಜವೇ ಎಂದು ಕೇಳಿ ಕ್ಲಬ್ಬಿಗೆ ಬರೆದ ಕಾಗದ ‘ವಿಳಾಸದಾರರಿಲ್ಲ’ ಎಂದು ವಾಪಸು ಬಂತು.

“ಕಾಗದದಲ್ಲಿ ಗೊತ್ತಾಗದಿದ್ರೆ ಸ್ಥಳ ಪರಿಶೀಲನೆ ಮಾಡಾಣ” ಎಂದರು ಸಾಹೇಬರು. “ಭಾನುವಾರ ಸ್ಕೂಲ್ ಮೈದಾನದಾಗೆ ಒಂದು ಮ್ಯಾಚ್ ಇಡ್ತೀನಿ. ನೀನು ಗೋಲ್ ಹೊಡೆದ್ರೆ ಆಟಗಾರ, ಹೊಡೀದಿದ್ರೆ ಖೋಟಾ. ಪಂಚರ ಮುಂದೆ ಮಹಜರು ಆಗ್ಲಿ. ದುರ್ಗದಿಂದ ಕ್ರೀಡಾಧಿಕಾರಿ ಬಂದು ಅಭಿಪ್ರಾಯ ಬರೀತಾರೆ.”

“ಸಾರ್, ಮಂಡಿ ನೋವು ಐತೆ.”

“ನಿಂತ್ಕಂಡು ಆಡ್ತಿದ್ದೆ ಅಂತೀಯ, ನಿಲ್ಲಾಕೂ ನೋವಾ?”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮೈದಾನ ತುಂಬಿತ್ತು. ಶಾಮಿಯಾನದ ಗಳುಗಳನ್ನು ನೆಟ್ಟು ಗೋಲು ಮಾಡಿದ್ದರು. ಒಂದು ಕಡೆ ಕಚೇರಿಯವರು, ಇನ್ನೊಂದು ಕಡೆ ಭೀಮಸಮುದ್ರದ ಅಡಿಕೆ ಮಂಡಿಯ ಹಮಾಲರು. ಅವರ ಕೊನೆಯ ಡಿಫೆಂಡರ್ ದುರುಗಣ್ಣ, ಎರಡು ಮೂಟೆಯನ್ನು ಒಟ್ಟಿಗೆ ಹೊರುವ ಆಳು. ರೆಫ್ರಿ ಶಾಲೆಯ ಡ್ರಿಲ್ ಮೇಷ್ಟ್ರು ಗೊಲ್ಲಪ್ಪ. ಐದು ಜನ ಪಂಚರ ಸಾಲಿನಲ್ಲಿ ಮೊದಲನೆಯವರಾಗಿ ಮೂಡಲಗಿರಿಯಪ್ಪನವರು ಕುಳಿತಿದ್ದರು.

“ನೀವು ಸಂಬಂಧಿಕರಲ್ವೇನ್ರಿ?” ಎಂದು ಸಾಹೇಬರು ಕೇಳಿದರು.

“ಇನ್ನೂ ಇಲ್ಲ ಸಾರ್. ಕೆಲ್ಸ ಖಾಯಂ ಆದ್ರೆ ಸಂಬಂಧ. ಆಗದಿದ್ರೆ ಅವರ್ಯಾರೋ ನಾನ್ಯಾರೋ.”

ಉತ್ತರ ಸಾಹೇಬರಿಗೆ ಒಪ್ಪಿಗೆಯಾಯಿತು. ಅಷ್ಟರಲ್ಲಿ ಕ್ರೀಡಾಧಿಕಾರಿ ಉಷಾರಾಣಿಯವರ ಜೀಪು ದಾರಿಯಲ್ಲಿ ಕೆಟ್ಟು ನಿಂತಿದೆ, ಶುರು ಮಾಡಿಕೊಳ್ಳಬೇಕಂತೆ ಎಂದು ಶಾಲೆಯ ಫೋನಿಗೆ ಸುದ್ದಿ ಬಂತು. ಗೊಲ್ಲಪ್ಪ ಸೀಟಿ ಊದಿದರು.

ಗೋಲ್‌ಕೀಪರುಗಳನ್ನೂ ದುರುಗಣ್ಣನನ್ನೂ ಬಿಟ್ಟು ಮಿಕ್ಕವರೆಲ್ಲ ಚೆಂಡಿನ ಹಿಂದೆ ಓಡಿದರು. ಪರಮೇಶ ದುರುಗಣ್ಣನ ಹತ್ತಿರ ಹೋಗಿ ನಿಂತ. ಚೆಂಡು ಸಿಕ್ಕವರು ಯಾರೂ ಇನ್ನೊಬ್ಬರಿಗೆ ಕೊಡಲಿಲ್ಲ, ಸಿಕ್ಕ ಮೇಲೆ ಬಿಡುವುದು ಆ ಕಚೇರಿಯ ಪದ್ಧತಿಯೂ ಅಲ್ಲ. ಸರ್ವೇಯರ್ ದೊಡ್ಡತಿಮ್ಮಪ್ಪ ಮರದ ನೆರಳಲ್ಲಿ ಕುಂತು, ‘ಸದರಿ ನೌಕರರು ಹತ್ತೂ ಕಾಲರಿಂದ ಹತ್ತೂ ಮುಕ್ಕಾಲರವರೆಗೆ ನಿಂತಿರುತ್ತಾರೆ’ ಎಂದು ಬರೆದ.

ಜನರಲ್ಲಿ ಗುಜುಗುಜು ಎದ್ದಿತು. “ಕಚೇರೀಲೂ ಹಿಂಗೇ ನಿಂತಿರ್ತಾನೆ” ಎಂದು ಯಾರೋ ಅಂದರು. ಮೂಡಲಗಿರಿಯಪ್ಪನವರಿಗೆ ತಡೆಯಲಾಗಲಿಲ್ಲ. “ಓಡ್ರಿ ಅಳಿಯಂದ್ರೆ, ಮರ್ಯಾದೆ ಪ್ರಶ್ನೆ” ಎಂದು ಕೂಗಿದರು.

ಪರಮೇಶ ಜೀವನದಲ್ಲಿ ಮೊದಲ ಸಲ ಚೆಂಡಿನ ಹಿಂದೆ ಓಡಿದ. ಚೆಂಡು ಎಡಕ್ಕೆ ಹೋಯಿತು, ಅವನು ನೇರ ಹೋಗಿ ತನ್ನ ತಂಡದ ಚೇತನ್‌ಕುಮಾರನಿಗೇ ಗುದ್ದಿದ. ಇಬ್ಬರೂ ಬಿದ್ದರು. ‘ಓಡಿರುತ್ತಾರೆ. ಬಿದ್ದಿರುತ್ತಾರೆ. ಸ್ವಪಕ್ಷಕ್ಕೆ ಹಾನಿ’ ಎಂದು ದೊಡ್ಡತಿಮ್ಮಪ್ಪ ಬರೆದ. ಏಳುವಾಗ ಮಂಡಿ ಕಟಕ್ ಎಂದಿತು. ನೋವಿಗಿಂತ ಹೆಚ್ಚಾಗಿ ಪರಮೇಶನಿಗೆ ತನ್ನ ಮೇಲೇ ಸಿಟ್ಟು ಬಂತು. ಆರು ವರ್ಷ ಅನ್ನ ಕೊಟ್ಟ ಆಟ ಬಿಟ್ಟು ಇನ್ನೊಬ್ಬರ ಮಾತಿಗೆ ಕುಣಿದೆನಲ್ಲ ಎಂದು ಕುಂಟುತ್ತ ವಾಪಸು ಹೋಗಿ ದುರುಗಣ್ಣನ ಪಕ್ಕ ನಿಂತ. ಯಾರು ಏನು ಕೂಗಿದರೂ ಕದಲಲಿಲ್ಲ.

ಆಟ ಮುಗಿಯಲು ಐದು ನಿಮಿಷವಿತ್ತು. ಚೇತನ್‌ಕುಮಾರ್ ಅರವತ್ತು ಅಡಿ ದೂರದಿಂದ ಗೋಲಿಗೆಂದು ಒದ್ದ. ಅದು ಗೋಲು ಬಿಟ್ಟು ಬೇರೆ ಕಡೆ ಹೊರಟಿತ್ತು. ಅದು ಎಲ್ಲಿಗೆ ಬರುತ್ತದೆಂದು ಪರಮೇಶನಿಗೆ ಚೇತನ್‌ಕುಮಾರನ ಕಾಲು ಚೆಂಡಿಗೆ ತಾಗುವ ಮೊದಲೇ ಗೊತ್ತಾಗಿತ್ತು. ಒದ್ದ ಆ ಗಳಿಗೆಯಲ್ಲಿ ಅವನ ಹೆಗಲೂ ದುರುಗಣ್ಣನ ಹೆಗಲೂ ದಾರ ಹಿಡಿದಂತೆ ಸಮನಾಗಿದ್ದವು. ಆಮೇಲೆ ಎರಡೇ ಹೆಜ್ಜೆ, ಪಾದದ ಒಳಗಿನಿಂದ ಒಂದು ತಟ್ಟು. ಚೆಂಡು ಗಳುಗಳ ನಡುವೆ ಹೋಯಿತು. ಗೊಲ್ಲಪ್ಪ ಸೀಟಿ ಊದಿದರು. ಐವತ್ಮೂರು ಗೋಲಿಗಿಂತ ಇದು ಚೆನ್ನಾಗಿತ್ತು. ಪರಮೇಶನ ಕಣ್ಣಲ್ಲಿ ನೀರು ಬಂತು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಹಜರು ಬಾಕಿ ಇತ್ತು.

“ಗೋಲಾಯ್ತು ಅಂತ ಬರೆದ್ರೆ ಯಾರು ನಂಬ್ತಾರೆ?” ಎಂದರು ಸಾಹೇಬರು. “ಯಾರ್ಯಾರು ಎಲ್ಲೆಲ್ಲಿದ್ರು, ನಕ್ಷೆ ಸಮೇತ ಆಗ್ಬೇಕು. ಎಲ್ಲಾ ನಿಮ್ಮ ನಿಮ್ಮ ಜಾಗದಾಗೆ ನಿಂತ್ಕಳ್ರಿ.”

ದೊಡ್ಡತಿಮ್ಮಪ್ಪ ಟೇಪು ಹಿಡಿದು ಬಂದ. ಗೋಲಿನ ಗೆರೆಯಿಂದ ದುರುಗಣ್ಣನಿಗೆ ಇಪ್ಪತ್ತೊಂದು ಅಡಿ. ಪರಮೇಶ ಅವನ ಸಮಕ್ಕೆ ನಿಂತ.

“ಅಲ್ಲಲ್ಲ” ಎಂದು ಮೂಡಲಗಿರಿಯಪ್ಪನವರು ಒಳಗೆ ಬಂದರು. “ಇಷ್ಟು ಹಿಂದಿರ್ಲಿಲ್ಲ. ನಾನು ಕಣ್ಣಾರೆ ನೋಡೀನಿ. ಮುಂದೆ ಬರ್ರಿ.”

“ಇಲ್ಲ ಮಾವ, ಸಮಕ್ಕಿದ್ದೆ. ಮುಂದೆ ಅಂತ ಬರೆದ್ರೆ ತಪ್ಪಾಗ್ತೈತೆ.”

ಮೂಡಲಗಿರಿಯಪ್ಪನವರು ಅವನ ಕಿವಿಯ ಹತ್ತಿರ ಬಂದು ದನಿ ತಗ್ಗಿಸಿದರು. “ಸುಮ್ನಿರಪ್ಪ. ಇದನ್ನು ಓದೋರು ಏನು ತಿಳ್ಕಂತಾರೆ? ಆ ಹಮಾಲಿ ಸಮಕ್ಕಿದ್ರೆ ನೀನೂ ಅವನೂ ಒಂದೇ ಅಂತಾರೆ. ನೀನು ಎಲ್ಲರನ್ನೂ ದಾಟಿ ಗೋಲಿನ ಹತ್ರ ನುಗ್ಗಿದ್ದೆ ಅಂತಿದ್ರೆ ಆಟಗಾರ ಅಂತಾರೆ.”

ಮಿಕ್ಕ ನಾಲ್ವರು ಪಂಚರಿಗೂ ಇದು ಸರಿಕಂಡಿತು. ಪಾಪದ ಹುಡುಗ, ನಮ್ಮ ಕೈಯಲ್ಲಾದ ಸಹಾಯ ಎಂದು ಐವರೂ ಒಬ್ಬೊಬ್ಬರಾಗಿ ಅವನನ್ನು ಎರಡೆರಡು ಅಡಿ ಮುಂದೆ ತಳ್ಳಿದರು.

“ಸಾರ್, ಆಟದ ನಿಯಮದ ಪ್ರಕಾರ...” ಎಂದು ಪರಮೇಶ ಸಾಹೇಬರ ಕಡೆ ತಿರುಗಿದ.

“ನಿಯಮ ಆಮೇಲೆ. ಐದು ಜನ ಒಂದು ಹೇಳ್ತಿದ್ರೆ ನಿನ್ನೊಬ್ಬನ ಮಾತು ಹೆಂಗೆ ಬರೀಲಿ?”

ಪರಮೇಶ ಅಂಜಲಿಯ ತಂದೆಯ ಮುಖ ನೋಡಿದ. ಈ ತಾಲ್ಲೂಕಿನಲ್ಲಿ ಇದನ್ನು ಓದಿ ಅರ್ಥ ಮಾಡಿಕೊಳ್ಳುವವರು ಯಾರಿದ್ದಾರೆ ಎಂದು ಸುಮ್ಮನಾದ. ಗೋಲಿನ ಗೆರೆಯಿಂದ ಪರಮೇಶನಿಗೆ ಹನ್ನೊಂದು ಅಡಿ ಎಂದು ದಾಖಲಾಯಿತು. ಐದೂ ಜನ ಸಹಿ ಹಾಕಿದರು, ಸಾಹೇಬರು ಮೊಹರು ಒತ್ತಿದರು.

ಮೊಹರು ಆರುವ ಹೊತ್ತಿಗೆ ಉಷಾರಾಣಿಯವರ ಜೀಪು ಬಂತು. ಅವರು ನೀರು ಕುಡಿದು, ಮಹಜರು ಓದಿ, ನಕ್ಷೆಯ ಮೇಲೆ ಬೆರಳಿಟ್ಟು ಕೇಳಿದರು: “ಚೆಂಡು ಒದ್ದ ಗಳಿಗೆಯಲ್ಲಿ ಪರಮೇಶ್ ಇಲ್ಲಿದ್ರಾ?”

“ಅಲ್ಲೇ ಇದ್ರು ಮೇಡಂ. ಇಂಚು ಹೆಚ್ಚುಕಮ್ಮಿ ಇಲ್ಲ” ಎಂದರು ಮೂಡಲಗಿರಿಯಪ್ಪನವರು.

“ಹಾಗಾದ್ರೆ ಇದು ಗೋಲಲ್ಲ, ಆಫ್‌ಸೈಡ್. ಪಾಸ್ ಹೊರಡುವಾಗ ಗೋಲ್‌ಕೀಪರ್ ಬಿಟ್ಟು ಇನ್ನೊಬ್ಬ ಎದುರಾಳಿಯಾದ್ರೂ ಫಾರ್ವರ್ಡ್‌ಗೆ ಸಮಕ್ಕಿರಬೇಕು, ಇಲ್ಲಾ ಗೋಲಿಗೆ ಅವನಿಗಿಂತ ಹತ್ತಿರ ಇರಬೇಕು. ಇಲ್ಲಿ ಇವರು ಹತ್ತು ಅಡಿ ಮುಂದೆ ಇದಾರೆ.”

“ರೆಫ್ರಿ ಗೋಲ್ ಕೊಟ್ರಲ್ಲ ಮೇಡಂ” ಎಂದ ಪರಮೇಶ.

ಗೊಲ್ಲಪ್ಪ ಸೀಟಿಯನ್ನು ಜೇಬಿಗೆ ಹಾಕಿಕೊಂಡರು. “ನಾನು ಕಬಡ್ಡಿಯವನು ಮೇಡಂ” ಎಂದರು.

“ಬರೀ ಮ್ಯಾಚ್ ಆಗಿದ್ರೆ ರೆಫ್ರಿ ಮಾತೇ ಕೊನೆ. ಇದು ವಿಚಾರಣೆ” ಎಂದರು ಉಷಾರಾಣಿ.

ಪರಮೇಶ ಆಗ ಬಾಯಿ ಬಿಟ್ಟು ಎಲ್ಲ ಹೇಳಿದ. ಸಮಕ್ಕಿದ್ದದ್ದು, ತಳ್ಳಿದ್ದು, ಸುಮ್ಮನಾದದ್ದು ಎಲ್ಲವನ್ನೂ ಹೇಳಿದ. ಉಷಾರಾಣಿಯವರು ಪಂಚರ ಕಡೆ ನೋಡಿದರು. ನಾಲ್ವರು ಮೂಡಲಗಿರಿಯಪ್ಪನವರ ಕಡೆ ನೋಡಿದರು. ಮೂಡಲಗಿರಿಯಪ್ಪನವರು ಎದೆ ಸೆಟೆಸಿ, “ಮೂವತ್ತಾರು ವರ್ಷ ಪಾಠ ಹೇಳಿದೋನು, ಸುಳ್ಳು ಸಹಿ ಹಾಕೋ ಪೈಕಿ ಅಲ್ಲ” ಎಂದರು. ಸಹಿಯಾದ ಮಹಜರನ್ನು ತಿದ್ದಿದರೆ ತಮ್ಮ ಕೆಲಸಕ್ಕೇ ಕುತ್ತು ಎಂದು ಸಾಹೇಬರು ಹೇಳಿದರು.

“ಇವರ ಪಕ್ಕದಲ್ಲಿದ್ದೋರು ಯಾರು? ಅವರೊಬ್ರು ಸಮಕ್ಕಿದ್ರು ಅಂದ್ರೆ ಸಾಕು, ನಾನು ಬರೀತೀನಿ” ಎಂದರು ಉಷಾರಾಣಿ.

ದುರುಗಣ್ಣ ಮುಂದೆ ಬಂದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಪರಮೇಶನಿಗೆ ಜೀವ ಬಂದಂತಾಯಿತು.

“ನಾನು ನೋಡ್ಲೇ ಇಲ್ರಿ ಅಮ್ಮಾರೆ” ಎಂದ ದುರುಗಣ್ಣ. “ಬೆಳಿಗ್ಗೆಯಿಂದ ನನ್ನ ಪಕ್ಕದಾಗೆ ಒಬ್ಬ ಅವ್ನೆ ಅಂತ ಗೊತ್ತಾಗಿದ್ದೇ ಗೋಲಾದ ಮೇಲೆ.”

ಉಷಾರಾಣಿಯವರು ಪೆನ್ನು ತೆಗೆದು ಪರಮೇಶನ ಕಡೆ ತಿರುಗಿದರು. “ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಒಬ್ಬ ಫಾರ್ವರ್ಡ್‌ಗೆ ಸಿಗಲ್ಲ ಕಣ್ರಿ” ಎಂದರು.

“ಹಂಗಂತ ಬರೀರಿ ಮೇಡಂ.”

“ನೋಡದೇ ಇದ್ದದ್ದನ್ನ ಸಾಕ್ಷಿ ಅಂತ ಹೇಗೆ ಬರೀಲಿ?”

ಅಭಿಪ್ರಾಯದ ಜಾಗದಲ್ಲಿ ‘ಗೋಲು ಸಾಬೀತಾಗಿಲ್ಲ. ಮುಂದಿನ ಭಾನುವಾರ ಮರುಪರೀಕ್ಷೆ’ ಎಂದು ಬರೆದು ಅವರು ಜೀಪು ಹತ್ತಿದರು. ಪರಮೇಶ ಮಂಡಿ ಹಿಡಿದುಕೊಂಡು ಮೈದಾನದ ಅಂಚಿನಲ್ಲಿ ಕುಂತ. ಮೂಡಲಗಿರಿಯಪ್ಪನವರು ಬಂದು ಅವನ ಬೆನ್ನ ಮೇಲೆ ಕೈಯಿಟ್ಟರು. ನಿಜವಾಗಿಯೂ ಅವರಿಗೆ ಸಂಕಟವಾಗಿತ್ತು.

“ಯೋಚ್ನೆ ಮಾಡಬ್ಯಾಡ್ರಿ ಅಳಿಯಂದ್ರೆ” ಎಂದರು. “ಹನ್ನೊಂದು ಅಡಿ ಸಾಲ್ಲಿಲ್ಲ, ಅಷ್ಟೇ. ಮುಂದಿನ ವಾರ ಗೋಲಿನ ಗೆರೆ ಮೇಲೇ ನಿಂತಿದ್ರಿ ಅಂತ ಬರೆಸ್ತೀನಿ.”